ಛತ್ರ ಗೊತ್ತು ಮಾಡುವ ಮೊದಲು ಹಿತ್ತಲು ನೋಡಿ

ಮದುವೆಗೆ ಛತ್ರ ನೋಡಲು ಹೋದವರು ಸಾಮಾನ್ಯವಾಗಿ ಮೂರು ಜಾಗ ನೋಡಿ ಬರುತ್ತಾರೆ: ಮಂಟಪ, ಊಟದ ಹಾಲ್, ಹೆಣ್ಣಿನ ಕಡೆಯವರ ಕೋಣೆ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ, ಫೋಟೊ ತೆಗೆಸಿಕೊಳ್ಳಲು ಹುಲ್ಲುಹಾಸು. ಹಿತ್ತಲಿಗೆ ಮಾತ್ರ ಯಾರೂ ಹೋಗುವುದಿಲ್ಲ. ಜನರೇಟರು, ನೀರಿನ ತೊಟ್ಟಿ, ಪಾತ್ರೆ ತೊಳೆಯುವ ಕಟ್ಟೆ, ಎಂಜಲೆಲೆ ಗುಡ್ಡೆ ಹಾಕುವ ಮೂಲೆ ಎಲ್ಲ ಇರುವುದು ಅಲ್ಲಿ. ಒಂದು ಸಮಾರಂಭ ಸುತ್ತಲಿನ ನೆಲ, ನೀರು, ಗಾಳಿಗೆ ಎಷ್ಟು ಭಾರವಾಗುತ್ತದೆ ಎಂದು ತಿಳಿಯಬೇಕಿದ್ದರೆ ಆ ಹಿತ್ತಲಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಪರಿಸರಸ್ನೇಹಿ ಮದುವೆ ಎಂದಕೂಡಲೇ ನಮ್ಮ ಮಾತು ಕರೆಯೋಲೆಯ ಕಡೆಗೆ, ತಾಂಬೂಲದ ಚೀಲದ ಕಡೆಗೆ ಹೊರಳುತ್ತದೆ. ಬೀಜ ಹುದುಗಿಸಿದ ಕಾಗದದ ಲಗ್ನಪತ್ರಿಕೆ, ಸೆಣಬಿನ ಚೀಲ, ಬಂದವರಿಗೆಲ್ಲ ಒಂದೊಂದು ಸಸಿ. ಒಳ್ಳೆಯದೇ. ಆದರೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ದಿನವೇ ದೊಡ್ಡ ಸಂಗತಿಗಳೆಲ್ಲ ತೀರ್ಮಾನವಾಗಿಬಿಟ್ಟಿರುತ್ತವೆ. ನೆಂಟರು ಎಷ್ಟು ದೂರ ಬರಬೇಕು, ಎ.ಸಿ. ಓಡಲೇಬೇಕೋ ಬೇಡವೋ, ಅಡುಗೆ ಯಾರದು, ಊಟ ಯಾವುದರಲ್ಲಿ, ಉಳಿದದ್ದು ಎಲ್ಲಿಗೆ. ಆಮೇಲೆ ನಾವು ಆರಿಸುವುದು ಬಣ್ಣ ಮಾತ್ರ.

ಮೊದಲು ರಸ್ತೆಯ ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ 600 ಜನರ ಆರತಕ್ಷತೆ ಎಂದಿಟ್ಟುಕೊಳ್ಳಿ. ಕಾರಿಗೆ ನಾಲ್ವರಂತೆ 150 ಕಾರು. (ನಾಲ್ವರು ತುಂಬಿಕೊಂಡು ಬರುತ್ತಾರೆ ಎನ್ನುವುದೇ ಉದಾರವಾದ ಅಂದಾಜು.) ಛತ್ರ ಊರೊಳಗಿದ್ದು, ಸರಾಸರಿ 8 ಕಿಲೋಮೀಟರ್ ದೂರವಾದರೆ ಹೋಗಿಬರುವುದು ಸೇರಿ 2,400 ಕಿಲೋಮೀಟರ್ ಆಯಿತು. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ 160 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಟ್ಟು 370 ಕಿಲೋ. ಅದೇ ಸಮಾರಂಭವನ್ನು 40 ಕಿಲೋಮೀಟರ್ ಆಚೆಯ ರೆಸಾರ್ಟಿಗೆ ಒಯ್ದರೆ 800 ಲೀಟರ್ ಪೆಟ್ರೋಲ್, 1,840 ಕಿಲೋ ಹೊಗೆ. ಈಗ ವಿದ್ಯುತ್ತಿನ ಲೆಕ್ಕ ತೆಗೆದುಕೊಳ್ಳಿ. ಊರೊಳಗಿನ ಛತ್ರದಲ್ಲಿ ಧಾರಾಳವಾಗಿ 1,000 ಯೂನಿಟ್ ಕರೆಂಟ್ ಸುಟ್ಟರೂ, ನಮ್ಮ ದೇಶದ ವಿದ್ಯುತ್ ಜಾಲದ ಸರಾಸರಿಯಂತೆ ಯೂನಿಟ್ಟಿಗೆ 0.7 ಕಿಲೋದ ಆಸುಪಾಸು, ಒಟ್ಟು 700 ಕಿಲೋ. ರೆಸಾರ್ಟಿನವರು ಸೌರಫಲಕ ಹಾಕಿ ಅಷ್ಟನ್ನೂ ಉಳಿಸಿದರು ಎಂದೇ ಒಪ್ಪಿಕೊಳ್ಳೋಣ. ಉಳಿಸಿದ್ದರ ಎರಡು ಪಟ್ಟು ದಾರಿಯಲ್ಲೇ ಉರಿದುಹೋಗಿದೆ.

ಹೀಗಾಗಿ ಛತ್ರ ಹುಡುಕುವ ಕೆಲಸ ಶುರುವಾಗಬೇಕಾದ್ದು ಕರೆಯುವವರ ಪಟ್ಟಿಯಿಂದ. ಯಾರ ಮನೆ ಎಲ್ಲೆಲ್ಲಿದೆ, ಹೊರಊರಿನವರು ಯಾವ ಬಸ್ ನಿಲ್ದಾಣದಲ್ಲಿ, ಯಾವ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಜಾಗ ತಾನಾಗಿ ಕಾಣುತ್ತದೆ. ಬೀಗರು ತುಮಕೂರು ಕಡೆಯವರಾದರೆ ಯಶವಂತಪುರದ ಸುತ್ತ ನೋಡುವುದು ಲೇಸು. ಅವರನ್ನು ಕನಕಪುರ ರಸ್ತೆಯ ತುದಿಗೆ ಎಳೆದರೆ ಊರನ್ನು ಅಡ್ಡಕ್ಕೆ ಸೀಳಿಕೊಂಡು ಬರಬೇಕು. ಹಳೆ ಮೈಸೂರು ಸೀಮೆಯಲ್ಲಿ ದಿಬ್ಬಣಕ್ಕೆ ಬಸ್ಸು ಮಾಡುವ ರೂಢಿ ಇನ್ನೂ ಇದೆ. ಈಚೆಗೆ ಕಾರಿರುವ ಮನೆಗಳಿಗೆ ಅದು ಸ್ವಲ್ಪ ಮುಜುಗರ ಎನಿಸತೊಡಗಿದ್ದರೂ ಲೆಕ್ಕ ಬಸ್ಸಿನ ಪರವಾಗಿದೆ: 50 ಜನ ಹದಿಮೂರು ಕಾರಿನಲ್ಲಿ ಹೋಗಿಬರುವ ಬದಲು ಒಂದು ಬಸ್ಸಿನಲ್ಲಿ ಹೋಗಿಬಂದರೆ ಹೊಗೆ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ದಾರಿಯಲ್ಲಿ ಹಾಡು ಹೇಳಿಕೊಂಡು ಹೋಗುವ ಸುಖ ಬೇರೆ.

ಮೆಟ್ರೊ ಬಂದ ಮೇಲೆ ಈ ಲೆಕ್ಕದಲ್ಲಿ ಎಷ್ಟು ಬದಲಾವಣೆ ಆಗಬಹುದು ಎನ್ನುವುದಕ್ಕೆ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ನೋಡಬೇಕು. ದೊಡ್ಡ ದೊಡ್ಡ ಯಂತ್ರಮೇಳಗಳು ನಡೆಯುವ ಜಾಗ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಿಸುವ ತನಕ ಅಲ್ಲಿಗೆ ಹೋಗುವುದೆಂದರೆ ಹೆದ್ದಾರಿಯಲ್ಲಿ ನಿಂತೇ ಹೋಗುವುದಾಗಿತ್ತು. ಈಗ ರೈಲು ಇಳಿದರೆ ಕೇಂದ್ರ ಹತ್ತಿರದಲ್ಲೇ ಇದೆ. ಕಟ್ಟಡ ಅದೇ, ಸಭಾಂಗಣ ಅದೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಯಿತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿತು. ನಿಲ್ದಾಣದಿಂದ ರೇಷ್ಮೆ ಸೀರೆ ಉಟ್ಟು ನಡೆಯಬಹುದಾದಷ್ಟು ದೂರದಲ್ಲಿ ಛತ್ರವಿದ್ದರೆ ಅದನ್ನು ಕರೆಯೋಲೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ನಮ್ಮ ಪತ್ರಿಕೆಗಳಲ್ಲಿ ಪಾರ್ಕಿಂಗ್ ಇದೆಯೆಂದು ಬರೆಯುವ ಉತ್ಸಾಹ ಮೆಟ್ರೊ ನಿಲ್ದಾಣದ ಹೆಸರಿಗೆ ಇನ್ನೂ ಬಂದಿಲ್ಲ.

‘ಪ್ರಕೃತಿಯ ಮಡಿಲಲ್ಲಿ ಮದುವೆ’ ಎನ್ನುವ ಜಾಹೀರಾತುಗಳ ಬಗ್ಗೆ ನನಗೆ ಅನುಮಾನ ಹೆಚ್ಚು. ಹಸಿರು ಕಾಣುವ ಜಾಗಕ್ಕೆ 150 ಕಾರು, ಎರಡು ಜನರೇಟರು, ನಾಲ್ಕು ಟ್ಯಾಂಕರ್ ನೀರು, ಲಾರಿಗಟ್ಟಲೆ ಶಾಮಿಯಾನ ಹೊತ್ತುಕೊಂಡು ಹೋದ ಮೇಲೆ ಅಲ್ಲಿ ಉಳಿಯುವ ಪ್ರಕೃತಿ ಎಷ್ಟು? ಬಂಡೀಪುರದ ಒಳಗೆ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿರುವುದು ರಾತ್ರಿ ಪ್ರಾಣಿಗಳು ಓಡಾಡುವ ಹೊತ್ತು ಎಂಬ ಕಾರಣಕ್ಕೆ. ಕಾಡಂಚಿನ ಹುಲ್ಲುಹಾಸಿನ ಮೇಲೆ ಅದೇ ಹೊತ್ತಿಗೆ ಡಿ.ಜೆ. ಹಾಕಿ, ಮರಗಳಿಗೆಲ್ಲ ಸೀರಿಯಲ್ ಲೈಟು ಸುತ್ತುವುದಕ್ಕೆ ಪರಿಸರ ಪ್ರೇಮ ಎಂದು ಹೆಸರಿಡುವುದು ಕಷ್ಟ. ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ಇರುವ ವಿನಾಯಿತಿ ಹುಲ್ಲುಹಾಸಿಗೆ ಇಲ್ಲ.

ಕೆರೆ ಕಾಣುವ ಜಾಗಗಳದ್ದೂ ಇದೇ ಕಥೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕಾನೂನು ಎಷ್ಟು ಮೀಟರ್ ಹೇಳಲಿ, ಊಟದ ಹಾಲಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಬಹುದು. ಉತ್ತರ ತಡವರಿಸಿದರೆ ಕಿಟಕಿಯಿಂದ ಕಾಣುವ ಕೆರೆಗೇ ಹೋಗುತ್ತದೆ ಎಂದು ತಿಳಿದುಕೊಳ್ಳಿ.

ಕಟ್ಟಡದ ಮಾತಿಗೆ ಬರೋಣ. ಆರಾಮವಾಗಿ ಕುಳಿತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. 600 ಜನ ಸೇರಿದರೆ 60 ಕಿಲೋವ್ಯಾಟ್. ಆ ಶಾಖವನ್ನಷ್ಟೇ ತೆಗೆಯಲು 17 ಟನ್ ಸಾಮರ್ಥ್ಯದ ಎ.ಸಿ. ಬೇಕು. ಬಿಸಿಲು, ದೀಪ, ವಿಡಿಯೊದವರ ಲೈಟು, ಅಗ್ನಿಕುಂಡ ಎಲ್ಲ ಅದರ ಮೇಲೆ. ಕಿಟಕಿಯೇ ಇಲ್ಲದ ಹೊಸ ಕನ್ವೆನ್ಷನ್ ಹಾಲಿನಲ್ಲಿ ಎ.ಸಿ. ನಿಂತರೆ ಐದು ನಿಮಿಷದಲ್ಲಿ ಉಸಿರುಕಟ್ಟುವುದಕ್ಕೆ ಕಾರಣ ಇದು. ಬಸವನಗುಡಿ, ಮಲ್ಲೇಶ್ವರದ ಹಳೆಯ ಛತ್ರಗಳನ್ನು ಕಟ್ಟಿದವರು ಟನ್ನಿನ ಲೆಕ್ಕ ಹಾಕಿರಲಿಲ್ಲ. ಎತ್ತರದ ಚಾವಣಿ, ಮೇಲುಗಡೆ ಗವಾಕ್ಷಿ, ಎದುರುಬದುರು ಕಿಟಕಿ ಇಟ್ಟರು. ಬಿಸಿಗಾಳಿ ಮೇಲೇರಿ ಆಚೆ ಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ಒಳಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಿನಲ್ಲಿ ವರ್ಷದ ಬಹುಭಾಗ ಇಷ್ಟು ಸಾಕು. ಹಳೆಯ ಫ್ಯಾನು ತೆಗೆದು 75 ವ್ಯಾಟಿನ ಜಾಗದಲ್ಲಿ 30 ವ್ಯಾಟಿನ ಹೊಸ ಮೋಟಾರಿನ ಫ್ಯಾನು ಹಾಕಿರುವ ಛತ್ರದವರು ಸಿಕ್ಕರೆ ಇನ್ನೂ ಒಳ್ಳೆಯದು, ಅವರಿಗೆ ಕರೆಂಟಿನ ಬೆಲೆ ಗೊತ್ತು.

ಇದನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹೇಳಿದರೆ ನಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಡೆ ಕಿಟಕಿ ತೆರೆದರೆ ಬರುವುದು ಬೆಂಕಿಗಾಳಿ. ಅಲ್ಲಿ ಉಪಾಯ ಗೋಡೆಯ ದಪ್ಪದಲ್ಲಿ, ಕಲ್ಲಿನ ಕಟ್ಟಡದಲ್ಲಿ, ಮುಹೂರ್ತದ ಹೊತ್ತಿನಲ್ಲಿ ಇದೆ. ಮಠಗಳ ಹಳೆಯ ಕಲ್ಯಾಣ ಮಂಟಪಗಳು ಹೊಸ ತಗಡಿನ ಚಾವಣಿಯ ಹಾಲುಗಳಿಗಿಂತ ಎಷ್ಟೋ ತಂಪು. ಕರಾವಳಿಯಲ್ಲಿ ಸೆಕೆಗಿಂತ ಬೆವರಿನ ಕಾಟ ಹೆಚ್ಚು. ಗಾಳಿ ಆಡುವ ಚಪ್ಪರವೇ ಅಲ್ಲಿ ಸರಿ, ಅಡಿಕೆ ಮರದ ಕಂಬ, ತೆಂಗಿನ ಮಡಲು ಮನೆಯ ತೋಟದಲ್ಲೇ ಸಿಗುವಾಗ ಪ್ಲಾಸ್ಟಿಕ್ ಬಟ್ಟೆಯ ಪೆಂಡಾಲು ಬೇಕಿಲ್ಲ.

ಹೊಸದಾಗಿ ಕಟ್ಟಿದ ‘ಹಸಿರು’ ಸಭಾಂಗಣವೇ ಮೇಲು ಎಂದುಕೊಳ್ಳುವ ಮುನ್ನ ಇನ್ನೊಂದು ಮಾತು. ಸಿಮೆಂಟು, ಕಬ್ಬಿಣ, ಗಾಜು ತಯಾರಾಗುವಾಗಲೇ ಸಾಕಷ್ಟು ಹೊಗೆ ಕಾರಿ ಬಂದಿರುತ್ತವೆ. ನಿಂತಿರುವ ಕಟ್ಟಡವನ್ನು ಇನ್ನಷ್ಟು ದಿನ ಬಳಸುವುದೇ ದೊಡ್ಡ ಉಳಿತಾಯ. ಬಡಾವಣೆಯ ಸಮುದಾಯ ಭವನ, ರಜೆಯಲ್ಲಿ ಖಾಲಿ ಬಿದ್ದಿರುವ ಕಾಲೇಜಿನ ಸಭಾಂಗಣ, ದೇವಸ್ಥಾನದ ಛತ್ರ ಇವಕ್ಕೆ ಬಾಡಿಗೆಯೂ ಕಡಿಮೆ. ಹೊಳಪು ಇಲ್ಲ ಎನ್ನುವುದೊಂದೇ ದೂರು.

ಗೃಹ, ಐ.ಜಿ.ಬಿ.ಸಿ., ಲೀಡ್ ಎಂಬ ಪ್ರಮಾಣಪತ್ರಗಳನ್ನು ದೊಡ್ಡ ಹೋಟೆಲುಗಳು ಬಾಗಿಲಲ್ಲೇ ತೂಗುಹಾಕಿರುತ್ತವೆ. ಅವು ಸುಳ್ಳಲ್ಲ. ಕಟ್ಟಡ ಎಷ್ಟು ನೀರು, ವಿದ್ಯುತ್ ಉಳಿಸುವಂತೆ ರೂಪುಗೊಂಡಿದೆ ಎಂದು ಅವು ಅಳೆಯುತ್ತವೆ. ಅದರೊಳಗೆ ನಿಮ್ಮ ಅಡುಗೆಯವರು 600 ಪ್ಲಾಸ್ಟಿಕ್ ಬಾಟಲಿ ಹಂಚಿದರೆ ಆ ಪತ್ರಕ್ಕೆ ಅದು ತಿಳಿಯುವುದೇ ಇಲ್ಲ. ಸಮಾರಂಭ ನಡೆಸುವ ರೀತಿಗೇ ಅಂತರರಾಷ್ಟ್ರೀಯ ಮಾನದಂಡವೊಂದು, ಐ.ಎಸ್.ಒ. 20121, ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲೇ ಬಂದಿದೆ. ಕಂಪನಿಗಳ ದೊಡ್ಡ ಸಮ್ಮೇಳನಗಳಿಗೆ ಅದು ಸರಿ. ನಮ್ಮ ಮದುವೆ, ಉಪನಯನಕ್ಕೆ ಹಿತ್ತಲು ನೋಡುವುದೇ ಸುಲಭದ ದಾರಿ.

ನೀರಿನ ವಿಷಯದಲ್ಲಿ ನಮ್ಮ ಪಂಚಾಂಗವೇ ಎಡವಟ್ಟಾಗಿದೆ. ಆಷಾಢ, ಧನುರ್ಮಾಸ ಬಿಟ್ಟು ಮದುವೆಗಳೆಲ್ಲ ಒತ್ತರಿಸಿಕೊಂಡು ಬರುವುದು ಬೇಸಿಗೆಯಲ್ಲಿ, ಕೊಳವೆಬಾವಿ ಕೈಕೊಡುವ ಕಾಲದಲ್ಲಿ. ಬೆಂಗಳೂರಿನ ನಲ್ಲಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ನೂರಾರು ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿಸಿದ ಮೇಲೆ. ಕೈತೊಳೆಯುವ ನಲ್ಲಿಯಲ್ಲಿ ಬೀಳುವ ಪ್ರತಿ ಲೀಟರಿಗೂ ಕರೆಂಟು ಖರ್ಚಾಗಿದೆ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಕಾರು ತೊಳೆಯಲು, ಗಿಡಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ವಾಣಿಜ್ಯ ಕಟ್ಟಡಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ತಿರುಗಿಸಿ ಹಾಕುವ ಸಣ್ಣ ಜಾಲರಿ ಅದು, ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ತೆಳ್ಳಗೆ ಮಾಡುತ್ತದೆ. ಛತ್ರ ನೋಡಲು ಹೋದಾಗ ಊಟದ ಹಾಲಿನ ಪಕ್ಕದ ನಲ್ಲಿ ತಿರುಗಿಸಿ ನೋಡಿ. ಅದರಲ್ಲಿ ಬರುವ ನೀರು ಮಾಲೀಕರ ಸ್ವಭಾವವನ್ನು ಹೇಳುತ್ತದೆ. ಮಳೆನೀರಿನ ತೊಟ್ಟಿ ಇದೆಯೇ, ಶೌಚಾಲಯಕ್ಕೆ ಸಂಸ್ಕರಿಸಿದ ನೀರು ಬರುತ್ತದೆಯೇ ಎಂದು ಕೇಳುವುದು ಆಮೇಲೆ.

ಇನ್ನು ಊಟ. ನನ್ನ ಮಟ್ಟಿಗೆ ಛತ್ರದ ಒಪ್ಪಂದದಲ್ಲಿ ಎಲ್ಲಕ್ಕಿಂತ ಕೆಟ್ಟ ಸಾಲು ‘ಕನಿಷ್ಠ ಇಷ್ಟು ಎಲೆ’ ಎನ್ನುವುದು. ಅಡುಗೆ ನಮ್ಮವರದೇ, ಕನಿಷ್ಠ 500 ಎಲೆಗೆ ದುಡ್ಡು ಕೊಡಬೇಕು ಎಂಬ ಷರತ್ತು. ಕರೆಯುವುದು 350 ಜನರನ್ನಾದರೂ ಹೇಗೂ ದುಡ್ಡು ಕೊಟ್ಟಿದ್ದೇವಲ್ಲ ಎಂದು 500 ಜನರ ಅಡುಗೆ ಒಲೆಯ ಮೇಲೇರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ನಗರದ ಮದುವೆ ಛತ್ರಗಳಲ್ಲಿ ಸಮೀಕ್ಷೆ ನಡೆಸಿ 2012ರ ಹೊತ್ತಿಗೆ ಕೊಟ್ಟ ಅಂದಾಜು ಹೀಗಿತ್ತು: ಆಗಿನ 531 ಛತ್ರಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥ. ಅದಾದ ಮೇಲೆ ಛತ್ರಗಳೂ ಹೆಚ್ಚಿವೆ, ಬಫೆಯ ಕೌಂಟರುಗಳೂ ಹೆಚ್ಚಿವೆ. ಎಣಿಕೆಯನ್ನು ಹಿಂದಿನ ದಿನ ಬದಲಿಸಲು ಬಿಡುವ, ಅಥವಾ ನಮ್ಮ ಭಟ್ಟರನ್ನು ಕರೆತರಲು ಬಿಡುವ ಛತ್ರ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಲಾಭವೇ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ ಎರಡೂ ಒಂದೇ ಛತ್ರದಲ್ಲಿ ನಡೆಯುವ ನಮ್ಮ ಪದ್ಧತಿಯೂ ಬುದ್ಧಿವಂತಿಕೆಯದು. ಮೆಹಂದಿಗೊಂದು, ಸಂಗೀತಕ್ಕೊಂದು, ಆರತಕ್ಷತೆಗೊಂದು ಜಾಗ ಎಂದು ಹಂಚಿದರೆ ಅಲಂಕಾರ, ಸಾಗಣೆ, ಅಡುಗೆ ಎಲ್ಲವೂ ಅಷ್ಟು ಪಟ್ಟಾಗುತ್ತವೆ.

ಬಾಳೆ ಎಲೆ ಇದೆಯಲ್ಲ, ಮತ್ತೇನು ಬೇಕು ಎನ್ನುವವರಿದ್ದಾರೆ. ಎಲೆ ಒಳ್ಳೆಯದೇ, ಅದು ಗೊಬ್ಬರವಾದರೆ. ಮೇಜಿನ ಮೇಲೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಎಲೆ, ಅನ್ನ, ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು ಎಲ್ಲವನ್ನೂ ಒಟ್ಟಿಗೆ ಸುತ್ತಿ ಎಳೆದೊಯ್ಯುವ ಛತ್ರದಲ್ಲಿ ಆ ಎಲೆಗೂ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ಉಳಿಯುವುದಿಲ್ಲ. ಊಟದ ಮೇಜಿಗೆ ಹಾಸುವ ಆ ಹಾಳೆಯನ್ನು ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ, ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಬ್ಯಾನರುಗಳ ಜೊತೆಗೆ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಎಷ್ಟೋ ಮಂಟಪಗಳ ಹಿಂದೆ ವಧೂವರರ ಹೆಸರು ಈಗಲೂ ಅದರಲ್ಲೇ ಹೊಳೆಯುತ್ತದೆ. ಹೂವಿನ ಕಾಂಡ ಚುಚ್ಚುವ ಹಸಿರು ಸ್ಪಂಜು ಕೂಡ ಪ್ಲಾಸ್ಟಿಕ್ಕೇ, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ಛತ್ರದವರು ತಮ್ಮದೇ ಡೆಕೋರೇಟರು ಎಂದು ಕಟ್ಟಿಹಾಕಿದರೆ ಸೇವಂತಿಗೆ, ಬಾಳೆಕಂದು, ಮಾವಿನ ತೋರಣ ಬಿಟ್ಟು ಅವರ ಗೋದಾಮಿನ ಪ್ಲಾಸ್ಟಿಕ್ ಹೂವಿನ ಗೋಡೆಗೆ ಒಪ್ಪಬೇಕಾಗುತ್ತದೆ.

‘ಕಸ ಏನ್ಮಾಡ್ತೀರಿ?’ ಎಂದು ಕೇಳಿದರೆ ಮ್ಯಾನೇಜರುಗಳ ಉತ್ತರ ಸಾಮಾನ್ಯವಾಗಿ ಒಂದೇ: ‘ಅದೆಲ್ಲ ನಮ್ ಹುಡುಗರು ನೋಡ್ಕೋತಾರೆ ಸಾರ್, ನೀವು ತಲೆ ಕೆಡಿಸ್ಕೋಬೇಡಿ.’ ತಲೆ ಕೆಡಿಸಿಕೊಳ್ಳಬೇಕಾದ್ದು ಸರಿಯಾಗಿ ಇಲ್ಲೇ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗಿ ಬಿತ್ತು. ಮಂಡೂರಿನ ಜನ ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಗುಡ್ಡೆಯಾಗಿ ಬಿದ್ದ ಹಸಿಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಅದೇ ಕಸ ಮುಚ್ಚಿದ ತೊಟ್ಟಿಯಲ್ಲಿ ಕೊಳೆತರೆ ಅಡುಗೆ ಅನಿಲ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹಾಕುವವರನ್ನು 2016ರ ಘನತ್ಯಾಜ್ಯ ನಿಯಮ ಬೃಹತ್ ಉತ್ಪಾದಕರೆಂದು ಬೇರೆಯಾಗಿ ಗುರುತಿಸಿತು. ಮಧ್ಯಮ ಗಾತ್ರದ ಮದುವೆಗೆ ಆ ಗಡಿ ದಾಟುವುದು ಕಷ್ಟವಲ್ಲ. ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವುದಾದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರ್ಪಡಿಸಿ ಕೊಡುವ ಹೊಣೆ ನಡೆಸುವವರದು ಎಂದೂ ಅದೇ ನಿಯಮ ಹೇಳಿತು. ತೋಟದ ಮನೆಯಲ್ಲಿ ಮದುವೆ ಮಾಡುವವರಲ್ಲಿ ಇದನ್ನು ಕೇಳಿದವರೇ ಅಪರೂಪ.

ಬಿಸಾಡುವ ತಟ್ಟೆ ಲೋಟ ಬೇಡವೆಂದರೆ ಸ್ಟೀಲಿನವು ಎಲ್ಲಿಂದ ತರುವುದು? ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಟ್ಟೆ, ಲೋಟ ಕೊಟ್ಟು ವಾಪಸು ಪಡೆಯುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ಕೇರಳದವರು ಇದನ್ನು ಸರ್ಕಾರದ ಮಟ್ಟದಲ್ಲೇ ಮಾಡಿದರು. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಹಸಿರು ಶಿಷ್ಟಾಚಾರ ಎಂದು ನಿಯಮ ಮಾಡಿ, ಬಿಸಾಡುವ ತಟ್ಟೆ ಬಾಟಲಿಗಳನ್ನು ಅಂಗಣದಿಂದ ದೂರ ಇಟ್ಟರು, ಆಮೇಲೆ ಅದನ್ನು ಮದುವೆಗಳಿಗೂ ತಂದರು. ಆದರೆ ತಟ್ಟೆ ಸಿಕ್ಕರೆ ಸಾಲದು, ಛತ್ರದಲ್ಲಿ ತೊಳೆಯಲು ಕಟ್ಟೆ ಬೇಕು, ನೀರು ಬೇಕು, ನಾಲ್ಕು ಜನ ಬೇಕು. ಹಿತ್ತಲಲ್ಲಿ ತೊಳೆಯುವ ಜಾಗವನ್ನೇ ಕಾರಿಗೆ ಬಿಟ್ಟುಕೊಟ್ಟಿರುವ ಛತ್ರದಲ್ಲಿ ಬಿಸಾಡುವ ತಟ್ಟೆಯೇ ಗತಿ. ಕುಡಿಯುವ ನೀರಿಗೆ ದೊಡ್ಡ ಶುದ್ಧೀಕರಣ ಯಂತ್ರ ಇದ್ದರೆ ಪ್ರತಿ ಎಲೆಯ ಮುಂದೆ ಗೊಂಬೆಯಂತೆ ಬಾಟಲಿ ನಿಲ್ಲಿಸಬೇಕಿಲ್ಲ.

ಜನ ಕಡಿಮೆಯಾದರೆ ಈ ಲೆಕ್ಕವೆಲ್ಲ ತಾನಾಗಿ ಕಿರಿದಾಗುತ್ತದೆ. ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿದ್ದು ಪರಿಸರಕ್ಕಾಗಿ ಅಲ್ಲದಿದ್ದರೂ ಆ ಮದುವೆಗೆ ಮನೆಯ ಪಡಸಾಲೆ ಸಾಕು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹದಲ್ಲಿ ಎಷ್ಟೋ ಜೋಡಿಗಳಿಗೆ ಒಂದೇ ಚಪ್ಪರ, ಒಂದೇ ಅಡುಗೆಮನೆ. ಈ ಎರಡೂ ಎಲ್ಲರಿಗೂ ಒಗ್ಗುವುದಿಲ್ಲ ಎನ್ನುವುದು ನಿಜ. ಮಗಳ ಮದುವೆಗೆ ಊರೆಲ್ಲ ಕರೆಯಬೇಕೆನ್ನುವ ಅಪ್ಪನಿಗೆ ಹೊಗೆಯ ಲೆಕ್ಕ ಹೇಳಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಅಂಥ ಅಪ್ಪಂದಿರಿಗೆ ಹೇಳಬಹುದಾದ್ದು ಇಷ್ಟು. ಬಾಡಿಗೆಯಲ್ಲಿ ಎಲ್ಲ ಸೇರಿದೆ ಎನ್ನುವ ಛತ್ರಕ್ಕಿಂತ ಕರೆಂಟಿಗೆ ಮೀಟರ್ ನೋಡಿ, ಜನರೇಟರಿಗೆ ಗಂಟೆ ನೋಡಿ ದುಡ್ಡು ಹಾಕುವ ಛತ್ರ ವಾಸಿ. ಅಲ್ಲಿ ಮಧ್ಯಾಹ್ನ ಎರಡಕ್ಕೆ ಖಾಲಿ ಹಾಲಿನ ದೀಪ ಆರಿಸುವವರು ಮನೆಯವರೇ ಆಗಿರುತ್ತಾರೆ. ಹಗಲು ಮದುವೆಯಾದರೆ ಇನ್ನೂ ಲೇಸು: ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂಥವು ಕರೆಂಟು ಕೊಡುವುದು ಹಗಲಿನಲ್ಲಿ, ಸಂಜೆ ಏಳರಿಂದ ಹತ್ತರ ಆರತಕ್ಷತೆಯ ದೀಪಗಳಿಗೆ ಕಲ್ಲಿದ್ದಲಿನ ನೆರವು ಹೆಚ್ಚು ಬೇಕು. ಹಸಿಕಸ ಎಲ್ಲಿಗೆ ಹೋಗುತ್ತದೆ, ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸುವುದಿಲ್ಲ, ಎಲೆಯ ಎಣಿಕೆ ಹಿಂದಿನ ದಿನ ಬದಲಿಸಬಹುದು ಎಂಬ ಮೂರು ಮಾತನ್ನು ಅಡ್ವಾನ್ಸ್ ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ವೈಶಾಖದಲ್ಲಿ ಕೇಳಿದರೆ ಬೇಕಾದರೆ ತಗೊಳ್ಳಿ ಎನ್ನುತ್ತಾರೆ, ಹಿಂದೆ ಇನ್ನೂ ಹತ್ತು ಜನ ಕಾದಿರುತ್ತಾರೆ. ಆಷಾಢದಲ್ಲಿ ಹೋಗಿ. ಛತ್ರಗಳು ಖಾಲಿ ಇರುತ್ತವೆ, ಮ್ಯಾನೇಜರು ಕುರ್ಚಿ ಕೊಟ್ಟು ಕಾಫಿ ತರಿಸುತ್ತಾರೆ, ಹಿತ್ತಲಿನ ಬೀಗವನ್ನೂ ತೆಗೆದು ತೋರಿಸುತ್ತಾರೆ.